ಕೈಗಡಿಯಾರದ ಎಚ್‌ಆರ್‌ವಿ ಅಂಕಿ: ಅದು ಏರುವುದೇಕೆ, ಇಳಿಯುವುದೇಕೆ?

(ದೃಶ್ಯ: ಮಡಿಕೇರಿಯ ಸಮೀಪದ ತೋಟದ ಮನೆ, ಜುಲೈ ತಿಂಗಳ ಬೆಳಿಗ್ಗೆ. ಹೊರಗೆ ಬಿಡದೆ ಸುರಿಯುವ ಮಳೆ. ಮೇಜಿನ ಮೇಲೆ ಒಂದು ಸ್ಮಾರ್ಟ್‌ವಾಚ್, ಪಕ್ಕದಲ್ಲಿ ಎದೆಗೆ ಕಟ್ಟುವ ಪಟ್ಟಿ.)

ನಮಸ್ಕಾರ. ಇಂದು ಬೆಳಿಗ್ಗೆ ಮಳೆಯಲ್ಲಿ ಕಾಫಿ ಕಣದವರೆಗೆ ಹೋಗಿ ಬಂದು, ಕೈ ಇನ್ನೂ ತಣ್ಣಗಿರುವಾಗಲೇ ಜಗಲಿಯಲ್ಲಿ ನಿಂತು ನಾನು ನನ್ನ ಹಾರ್ಟ್ ರೇಟ್ ವೇರಿಯಬಿಲಿಟಿ, ಅಂದರೆ ಎಚ್‌ಆರ್‌ವಿ ಅಳೆದೆ. ಕೈಗಡಿಯಾರ 118 ಎಂದಿತು. ಅದೇ ಹೊತ್ತಿಗೆ ಎದೆಯ ಪಟ್ಟಿ 29 ಎಂದಿತು. ಅರ್ಧ ಗಂಟೆಯ ನಂತರ ಒಲೆಯ ಬಳಿ ಕುಳಿತು, ಬೆರಳು ಬೆಚ್ಚಗಾದ ಮೇಲೆ ಮತ್ತೆ ಅಳೆದಾಗ ಗಡಿಯಾರದಲ್ಲಿ 41, ಪಟ್ಟಿಯಲ್ಲಿ 39. ಹೃದಯ ಒಂದೇ, ಅಂಕಿ ನಾಲ್ಕು. ಎಚ್‌ಆರ್‌ವಿ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದು ಕೇಳಿದ್ದವರು 118ನ್ನು ನೋಡಿ ಸಂತೋಷಪಡಬಹುದಾಗಿತ್ತು, ಆದರೆ ಆ ನಾಲ್ಕರಲ್ಲಿ ಪೂರ್ತಿ ಸುಳ್ಳಾದ ಅಂಕಿ ಅದೇ.

ನಿಮಿಷಕ್ಕೆ 60 ಬಡಿತ ಎಂದರೆ ಬಡಿತದಿಂದ ಬಡಿತಕ್ಕೆ ಸರಿಯಾಗಿ 1000 ಮಿಲಿಸೆಕೆಂಡ್ ಎಂದಲ್ಲ. ಒಮ್ಮೆ 960, ಮುಂದಿನದು 1030, ಅದರ ಮುಂದಿನದು 985 ಇರಬಹುದು. ಈ ಅಂತರಗಳ ಏರಿಳಿತವನ್ನೇ ಎಚ್‌ಆರ್‌ವಿ ಎನ್ನುತ್ತಾರೆ.

(ದೃಶ್ಯ: ಮಣಿಕಟ್ಟಿನ ಹತ್ತಿರದ ನೋಟ. ಹೆಬ್ಬೆರಳಿನ ಬುಡದ ಕೆಳಗೆ ಎರಡು ಬೆರಳು.)

ನೀವೂ ಹೀಗೆ ನಾಡಿ ಹಿಡಿದು, ನಿಧಾನವಾಗಿ ಉಸಿರೆಳೆದು, ಅದಕ್ಕಿಂತ ನಿಧಾನವಾಗಿ ಬಿಡಿ. ಉಸಿರು ಒಳಗೆ ಹೋಗುವಾಗ ಬಡಿತಗಳು ಹತ್ತಿರ ಬರುತ್ತವೆ, ಹೊರಗೆ ಬರುವಾಗ ದೂರ ಸರಿಯುತ್ತವೆ. ಮಿದುಳಿನಿಂದ ಹೃದಯಕ್ಕೆ ಇಳಿದು ಬರುವ ವೇಗಸ್ ನರ ಬಡಿತಕ್ಕೆ ಹಾಕುವ ಬ್ರೇಕು ಉಸಿರೆಳೆಯುವಾಗ ಸಡಿಲವಾಗಿ, ಬಿಡುವಾಗ ಬಿಗಿಯಾಗುವುದು ಇದಕ್ಕೆ ಮುಖ್ಯ ಕಾರಣ. ಜರ್ಮನಿಯ ಶರೀರಕ್ರಿಯಾ ವಿಜ್ಞಾನಿ ಕಾರ್ಲ್ ಲುಡ್ವಿಗ್ 1847ರಲ್ಲೇ ಇದನ್ನು ದಾಖಲಿಸಿದ್ದರು. ಹಾಗಾಗಿ ಅಳೆಯುವಾಗ ನೀವು ಹೇಗೆ ಉಸಿರಾಡುತ್ತೀರಿ ಎಂಬುದೇ ಅಂಕಿಯನ್ನು ಬದಲಿಸುತ್ತದೆ. ನಿಮಿಷಕ್ಕೆ ಆರು ಉಸಿರಿನ ಲಯಕ್ಕೆ ಬಂದರೆ ಏರಿಳಿತ ಎದ್ದು ಕಾಣುವಷ್ಟು ಹೆಚ್ಚುತ್ತದೆ. ಅದು ಆ ಕ್ಷಣದ ಉಸಿರಿನ ಫಲ, ಒಂದು ವಾರದ ಆರೋಗ್ಯದ ಸುದ್ದಿಯಲ್ಲ.

ಇನ್ನು ನಮ್ಮ 118ರ ವಿಷಯ. ಎದೆಯ ಪಟ್ಟಿ ಇಸಿಜಿಯಂತೆ ಹೃದಯದ ವಿದ್ಯುತ್ ಸಂಕೇತವನ್ನೇ ಹಿಡಿಯುತ್ತದೆ, ಅದರ ತುದಿ ಸೂಜಿಯಂತೆ ಚೂಪು. ಕೈಗಡಿಯಾರವಾದರೋ ಚರ್ಮದ ಮೇಲೆ ಬೆಳಕು ಬಿಟ್ಟು ರಕ್ತದ ಅಲೆಯನ್ನು ನೋಡುತ್ತದೆ, ಅದರ ತುದಿ ಗುಡ್ಡದಂತೆ ದುಂಡು. ಚಳಿಗೆ ಚರ್ಮದ ರಕ್ತನಾಳಗಳು ಕುಗ್ಗಿದಾಗ, ಗಡಿಯಾರದ ಪಟ್ಟಿ ಸಡಿಲವಾದಾಗ, ಕೈ ಅಲ್ಲಾಡಿದಾಗ ಆ ಅಲೆ ಕ್ಷೀಣಿಸಿ ಗಡಿಯಾರ ಒಂದು ಬಡಿತವನ್ನೇ ಬಿಟ್ಟುಬಿಡಬಹುದು. ಆಗ ಏನಾಗುತ್ತದೆ ಎಂದು ಲೆಕ್ಕ ಹಾಕೋಣ. ಅಕ್ಕಪಕ್ಕದ ಅಂತರಗಳ ನಡುವೆ ಪ್ರತಿ ಸಲ 30 ಮಿಲಿಸೆಕೆಂಡ್ ವ್ಯತ್ಯಾಸ ಇರುವವರ ಆರ್‌ಎಂಎಸ್‌ಎಸ್‌ಡಿ ಎಂಬ, ಆ ವ್ಯತ್ಯಾಸಗಳಿಂದಲೇ ಲೆಕ್ಕ ಹಾಕುವ ಎಚ್‌ಆರ್‌ವಿ ಅಳತೆ 30 ಇರುತ್ತದೆ. ಅಂಥ 60 ವ್ಯತ್ಯಾಸಗಳ ಅಳತೆಯಲ್ಲಿ ಒಂದೇ ಒಂದು ಬಡಿತ ತಪ್ಪಿಹೋದರೆ 1000 ಇರಬೇಕಾದ ಅಂತರ 2000 ಆಗಿ, ಅದರ ಹಿಂದೆ ಒಂದು, ಮುಂದೆ ಒಂದು ಎಂದು ಸುಮಾರು 1000 ಮಿಲಿಸೆಕೆಂಡಿನ ಎರಡು ವ್ಯತ್ಯಾಸಗಳು ಹುಟ್ಟುತ್ತವೆ. ವರ್ಗ ಮಾಡಿ ಸರಾಸರಿ ತೆಗೆದು ಅದರ ವರ್ಗಮೂಲ ನೋಡಿದರೆ ಅಂಕಿ 30ರಿಂದ ಸುಮಾರು 185ಕ್ಕೆ ಜಿಗಿದಿರುತ್ತದೆ. ಒಳ್ಳೆಯ ಆ್ಯಪ್‌ಗಳು ಇಂಥ ಬಡಿತಗಳನ್ನು ಸೋಸುತ್ತವೆ, ಆದರೆ ಎಲ್ಲವೂ ಅಲ್ಲ, ಎಲ್ಲ ಸಲವೂ ಅಲ್ಲ.

ಹೃದಯವೇ ನಡುವೆ ಒಂದು ಬಡಿತವನ್ನು ಬೇಗ ಹೊಡೆದರೂ ಇದೇ ಗೊಂದಲ. ಆರೋಗ್ಯವಂತರಲ್ಲೂ ಅಂಥ ಬಡಿತ ಆಗೊಮ್ಮೆ ಈಗೊಮ್ಮೆ ಬರುವುದುಂಟು. ಆದರೆ ಏಟ್ರಿಯಲ್ ಫಿಬ್ರಿಲೇಷನ್ ಎಂಬ ತೊಂದರೆಯಲ್ಲಿ ಲಯವೇ ಚದುರಿಹೋಗಿ ಎಚ್‌ಆರ್‌ವಿ ಬಹಳ ಹೆಚ್ಚಾಗಿ ಕಾಣುತ್ತದೆ. ಅಂಕಿ ಇದ್ದಕ್ಕಿದ್ದಂತೆ ಏರಿ, ಎದೆ ಡವಗುಟ್ಟಿ, ತಲೆ ಸುತ್ತಿದರೆ ಗಡಿಯಾರವನ್ನು ಪಕ್ಕಕ್ಕಿಟ್ಟು ವೈದ್ಯರಲ್ಲಿ ಹೋಗಿ ಇಸಿಜಿ ಮಾಡಿಸಿ. ಇದನ್ನು ದಯವಿಟ್ಟು ಮುಂದೂಡಬೇಡಿ.

ಪಟ್ಟಿಯ 29 ಮತ್ತು 39ರ ನಡುವಿನ ವ್ಯತ್ಯಾಸಕ್ಕೆ ಕಾರಣ ಬೇರೆ. ಎದ್ದು ನಿಂತಾಗ ರಕ್ತ ಕಾಲಿನ ಕಡೆಗೆ ಇಳಿಯುತ್ತದೆ. ರಕ್ತದೊತ್ತಡವನ್ನು ಕಾಪಾಡಲು ದೇಹ ವೇಗಸ್ ನರದ ಬ್ರೇಕನ್ನು ಸಡಿಲಿಸುತ್ತದೆ, ಆರ್‌ಎಂಎಸ್‌ಎಸ್‌ಡಿ ಇಳಿಯುತ್ತದೆ. ಅದರ ಮೇಲೆ ನಾನು ಆಗಷ್ಟೇ ಏರು ಹತ್ತಿ ಬಂದಿದ್ದೆ. ತಡಿಯಂಡಮೋಳ್ ತುದಿಯಲ್ಲಿ ಅಳೆದಾಗ ಅಂಕಿ ಕುಸಿದಿತ್ತು, ಎತ್ತರ ಕಾರಣವೇ ಎಂದು ಕೇಳುವವರಿದ್ದಾರೆ. ಆ ಬೆಟ್ಟ 1,748 ಮೀಟರ್. ಅಲ್ಲಿ ಮೊದಲು ಲೆಕ್ಕಕ್ಕೆ ಬರುವುದು ನೀವು ಹತ್ತಿದ ಶ್ರಮ.

ಮದ್ಯದ ಪರಿಣಾಮ ಸ್ಪಷ್ಟ. ಮದುವೆಯ ರಾತ್ರಿ ತಡವಾಗಿ ಕುಡಿದು ಮಲಗಿದರೆ ಆ ರಾತ್ರಿಯ ಅಂಕಿ ಇಳಿಯುತ್ತದೆ. ಜ್ವರ, ನಿದ್ದೆಗೇಡು, ಮೈಮುರಿಯುವ ದುಡಿಮೆಯೂ ಹಾಗೆಯೇ. ಕಾಫಿಯ ಬಗ್ಗೆ ಸಂಶೋಧನೆಗಳು ಒಂದೇ ಮಾತು ಹೇಳುವುದಿಲ್ಲ. ಆದ್ದರಿಂದ ಕಾಫಿಗೆ ಮೊದಲೇ ಅಳೆಯುವುದು ಲೇಸು.

ನನಗೆ ನಿಜವಾಗಿ ನೋವಾಗುವುದು ಬೇರೊಂದು ಕಾರಣಕ್ಕೆ. ನಮ್ಮ ಕುಟುಂಬದ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿ ಆಟಗಾರನಾದ ಅಕ್ಕನ ಮಗ ತನ್ನ 82ನ್ನು ಹಂಚಿಕೊಂಡ; ಅಪ್ಪ ತಮ್ಮ 24ನ್ನು ನೋಡಿ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ವಯಸ್ಸಿನೊಂದಿಗೆ ಎಚ್‌ಆರ್‌ವಿ ಇಳಿಯುವುದು ಸಹಜ. ಸಕ್ಕರೆ ಕಾಯಿಲೆ ನರಗಳನ್ನು ಬಾಧಿಸಿ ಅದನ್ನು ಇನ್ನಷ್ಟು ತಗ್ಗಿಸಬಲ್ಲದು, ಹೃದಯ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಏರಿಸಬಲ್ಲದು. ಸಾಲದ್ದಕ್ಕೆ ಅವರಿಬ್ಬರ ಗಡಿಯಾರಗಳ ಅಳತೆಯೇ ಬೇರೆ: ಆಪಲ್ ವಾಚ್ ತೋರಿಸುವುದು ಅಂತರಗಳೆಲ್ಲ ತಮ್ಮ ಸರಾಸರಿಯಿಂದ ಎಷ್ಟು ಚದುರಿವೆ ಎಂದು ಹೇಳುವ ಎಸ್‌ಡಿಎನ್‌ಎನ್, ಫಿಟ್‌ಬಿಟ್ ತೋರಿಸುವುದು ಆರ್‌ಎಂಎಸ್‌ಎಸ್‌ಡಿ. 50ಕ್ಕಿಂತ ಕಡಿಮೆಯಾದರೆ ಅಪಾಯ ಎಂಬ ಮಾತನ್ನೂ ಅಪ್ಪ ಎಲ್ಲೋ ಓದಿದ್ದರು. ಅದು 1987ರಲ್ಲಿ ಪ್ರಕಟವಾದ, ಹೃದಯಾಘಾತದಿಂದ ಉಳಿದವರನ್ನು 24 ಗಂಟೆ ಇಸಿಜಿಯಲ್ಲಿಟ್ಟು ನಡೆಸಿದ ಅಧ್ಯಯನದ ಎಸ್‌ಡಿಎನ್‌ಎನ್ ಅಂಕಿ. ಇಡೀ ದಿನದ ಅಳತೆಯಲ್ಲಿ ನಿದ್ದೆ, ನಡಿಗೆ, ಊಟ ಎಲ್ಲದರ ಏರಿಳಿತ ಸೇರಿರುತ್ತದೆ, ಆದ್ದರಿಂದ ಒಂದು ನಿಮಿಷದ ಅಳತೆಯನ್ನು ಅದರ ಪಕ್ಕದಲ್ಲಿಡಲು ಬರುವುದಿಲ್ಲ. ಯುರೋಪ್ ಮತ್ತು ಉತ್ತರ ಅಮೆರಿಕದ ಹೃದ್ರೋಗ ಸಂಘಗಳು ಸೇರಿ 1996ರಲ್ಲಿ ರೂಪಿಸಿದ ಮಾನದಂಡವೂ 5 ನಿಮಿಷದ ಅಳತೆಯನ್ನು, 24 ಗಂಟೆಯ ಅಳತೆಯನ್ನು ಬೇರೆಬೇರೆಯಾಗಿಯೇ ಇಟ್ಟಿದೆ.

(ದೃಶ್ಯ: ಅಂಗಳದಲ್ಲಿ ಮಳೆ ಮಾಪಕ. ಕೊಡೆ ಹಿಡಿದ ಹಿರಿಯರ ಕೈ ನೀರನ್ನು ಅಳೆಯುವ ಗಾಜಿಗೆ ಸುರಿಯುತ್ತದೆ.)

ಅಪ್ಪನಿಗೆ ಇದನ್ನು ಅರ್ಥಮಾಡಿಸಲು ಕೊನೆಗೆ ನೆರವಾದದ್ದು ಮಳೆ ಮಾಪಕ. ಅವರು ದಿನವೂ ಬೆಳಿಗ್ಗೆ ಎಂಟಕ್ಕೆ, ಮರದ ಹನಿ ಬೀಳದ ಅದೇ ಜಾಗದಲ್ಲಿ ಮಳೆ ಅಳೆಯುತ್ತಾರೆ. ಮಳೆ ಹೆಚ್ಚಿರುವ ಭಾಗಮಂಡಲದ ಲೆಕ್ಕವನ್ನು ಮಳೆ ಕಡಿಮೆಯಿರುವ ಕುಶಾಲನಗರದ್ದಕ್ಕೆ ಹೋಲಿಸಿ ಎಂದೂ ಕಂಗಾಲಾಗುವುದಿಲ್ಲ. ಈಗ ಅವರು ಎದ್ದು, ಮೂತ್ರಕ್ಕೆ ಹೋಗಿ ಬಂದು, ಕಾಫಿಗೆ ಮೊದಲು, ಕೈ ಬೆಚ್ಚಗೆ ಮಾಡಿಕೊಂಡು, ಅದೇ ಕುರ್ಚಿಯಲ್ಲಿ ಐದು ನಿಮಿಷ ಸಹಜವಾಗಿ ಉಸಿರಾಡುತ್ತ ಅಳೆಯುತ್ತಾರೆ. ಮಳೆಯ ಪುಸ್ತಕದಲ್ಲಿ ಇಂಚು, ಸೆಂಟುಗಳ (ಸೆಂಟು ಎಂದರೆ ಇಂಚಿನ ನೂರನೇ ಒಂದು ಭಾಗ) ಪಕ್ಕ ಹೊಸದೊಂದು ಗೀಟು ಎಳೆದಿದ್ದಾರೆ. ಇಂದಿನ ಸಾಲಿನಲ್ಲಿ ಹೀಗಿದೆ: ಮಳೆ 3 ಇಂಚು 40 ಸೆಂಟು, ಎಚ್‌ಆರ್‌ವಿ 26, ರಾತ್ರಿ ಕೆಮ್ಮು.