ಟಿನಲಾಕ್‌ಗೆ ಕತ್ತರಿ ಹಾಕುವ ಮುನ್ನ

ನಮಸ್ಕಾರ. ಇವತ್ತಿನ ಮಾತು ಫಿಲಿಪೈನ್ಸ್‌ನದ್ದು. ಅಲ್ಲಿನ ಒಂದು ಬಟ್ಟೆ, ಎರಡು ಕುಣಿತ, ಇವನ್ನು ಎತ್ತಿಕೊಂಡು ಬಳಸುತ್ತಿರುವ ಇಂದಿನ ಕಲಾಲೋಕ. ನನ್ನ ವಾದ ಮೊದಲೇ ಹೇಳಿಬಿಡುತ್ತೇನೆ. ಗ್ಯಾಲರಿಯಾಗಲಿ, ರಂಗವಾಗಲಿ, ಫ್ಯಾಷನ್ ಆಗಲಿ, ಜನಪದ ಕಲೆಯಿಂದ ಬೇಕಾದ್ದನ್ನು ಪಡೆಯಲಿ. ಯಾರ ಕೈಯಿಂದ ಪಡೆದೆವು, ಪಡೆದ ಮೇಲೆ ಏನೇನು ಬದಲಿಸಿದೆವು ಎಂಬುದನ್ನು ಮಾತ್ರ ನೋಡುಗರ ಎದುರಿಗೇ ಹೇಳಬೇಕು. ಈಗ ಬಹುಪಾಲು ಕಡೆ ಹೇಳುತ್ತಿಲ್ಲ. ಇದು ಯಾಕೆ ಅಷ್ಟು ದೊಡ್ಡ ವಿಷಯ ಅನ್ನುವುದು ಕೆಲಸದ ಒಳಗೆ ಇಳಿದು ನೋಡಿದರೆ ತಿಳಿಯುತ್ತದೆ. ಹಾಗಾಗಿ ಮೊದಲು ಕೆಲಸ.

ದಕ್ಷಿಣದ ಮಿಂಡನಾವೊ ದ್ವೀಪದಲ್ಲಿ ಸೌತ್ ಕೊಟಬಾಟೊ ಎಂಬ ಪ್ರಾಂತ್ಯ, ಅದರಲ್ಲಿ ಲೇಕ್ ಸೆಬು ಎಂಬ ಸರೋವರದ ಸೀಮೆ. ಟಿಬೊಲಿ ಜನರ ನೆಲ. ಅಲ್ಲಿನ ಹೆಂಗಸರು ನೇಯುವ ಬಟ್ಟೆಯ ಹೆಸರು ಟಿನಲಾಕ್. ಅದರ ನೂಲು ಬರುವುದು ಅಬಕಾ ಎಂಬ ಗಿಡದಿಂದ. ಅಬಕಾ ಬಾಳೆಯ ದಾಯಾದಿ. ದೂರದಿಂದ ನೋಡಿದರೆ ನಮ್ಮ ಕಡೆಯವರು ಬಾಳೆತೋಟವೆಂದೇ ಅಂದುಕೊಳ್ಳುತ್ತಾರೆ.

ಗಿಡಕ್ಕೆ ಒಂದೂವರೆ, ಎರಡು ವರ್ಷವಾದಾಗ ಕಡಿದು, ದಿಂಡಿನ ಪಟ್ಟೆಗಳನ್ನು ಬಿಡಿಸುತ್ತಾರೆ. ಪಟ್ಟೆಯ ಸೀಳನ್ನು ಮರದ ದಿಮ್ಮಿಗೂ ಕತ್ತಿಯ ಅಲಗಿಗೂ ನಡುವೆ ಒತ್ತಿ ಎಳೆದರೆ ತಿರುಳು ಹಿಂದೆ ಉಳಿದು ನಾರು ಕೈಗೆ ಬರುತ್ತದೆ. ತೋಳಿನ ಬಲ ಬೇಡುವ ಈ ಎಳೆತ ಸಾಮಾನ್ಯವಾಗಿ ಗಂಡಸರದ್ದು. ಒತ್ತು ಕಡಿಮೆಯಾದರೆ ತಿರುಳು ಅಂಟಿಕೊಂಡು ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಹೆಚ್ಚಾದರೆ ನಾರೇ ಕಡಿಯುತ್ತದೆ. ಒಣಗಿದ ನಾರನ್ನು ಎಳೆಎಳೆಯಾಗಿ ಬಿಡಿಸಿ, ದಪ್ಪ ತೆಳು ಬೇರ್ಪಡಿಸಿ, ತುದಿಗೆ ತುದಿ ಗಂಟು ಹಾಕುತ್ತಾರೆ. ಇಲ್ಲಿ ರಾಟೆಯಿಲ್ಲ, ಹುರಿ ಹಾಕುವುದಿಲ್ಲ, ಬರೀ ಗಂಟು. ಗಂಟಿನ ಬಾಲವನ್ನು ಚೊಕ್ಕವಾಗಿ ಕತ್ತರಿಸದಿದ್ದರೆ ಮಗ್ಗದ ಮೇಲೆ ಪಕ್ಕದ ಎಳೆಗೆ ಸಿಕ್ಕಿಕೊಂಡು ಎರಡೂ ಹರಿಯುತ್ತವೆ.

ಈಗ ಗಮನವಿಟ್ಟು ಕೇಳಿ. ಟಿನಲಾಕ್‌ನ ಚಿತ್ತಾರ ಹುಟ್ಟುವುದು ನೇಯ್ಗೆಯಲ್ಲಿ ಅಲ್ಲ, ಅದಕ್ಕೂ ಮೊದಲೇ. ಹಾಸಿನ, ಅಂದರೆ ಬಟ್ಟೆಯ ಉದ್ದಕ್ಕೆ ಓಡುವ ಎಳೆಗಳನ್ನು ಚೌಕಟ್ಟಿಗೆ ಬಿಗಿದು, ಬಣ್ಣ ತಾಗಬಾರದ ಕಡೆಯೆಲ್ಲ ಮೇಣ ಸವರಿದ ದಾರದಿಂದ ಚಿಕ್ಕ ಚಿಕ್ಕ ಕಟ್ಟು ಹಾಕುತ್ತಾರೆ. ಪಟೋಲಾ, ಪೋಚಂಪಳ್ಳಿ ಸೀರೆ ಬಲ್ಲವರಿಗೆ ಇಕತ್ ಎಂದರೆ ಸಾಕು. ಆದರೆ ಇಲ್ಲಿ ಗ್ರಾಫ್ ಕಾಗದವಿಲ್ಲ, ಗೆರೆ ಎಳೆದ ನಕ್ಷೆಯಿಲ್ಲ. ಇಡೀ ವಿನ್ಯಾಸ ನೇಕಾರ್ತಿಯ ನೆನಪಿನಲ್ಲಿ ಮಾತ್ರ ಇರುತ್ತದೆ. ಮೊದಲ ಬಣ್ಣ ಕಪ್ಪು, ಕನಾಲುಮ್ ಎಂಬ ಮರದ ಎಲೆಯದ್ದು. ಹಂಡೆಯಲ್ಲಿ ದಿನಗಟ್ಟಲೆ ಕುದಿಯಬೇಕು. ಆಮೇಲೆ ಕೆಂಪು ಬೇಕಾದ ಕಡೆಯ ಕಟ್ಟುಗಳನ್ನು ಮಾತ್ರ ಬಿಚ್ಚಿ, ಲೋಕೊ ಎಂಬ ಬೇರಿನ ಬಣ್ಣದಲ್ಲಿ ಅದ್ದುತ್ತಾರೆ. ಕಪ್ಪಿನ ಮೇಲೆ ಕೆಂಪು ಕೂತರೂ ಕಾಣುವುದಿಲ್ಲ, ಅದಕ್ಕೇ ಈ ಕ್ರಮ. ಕೆಂಪು ಮೊದಲಾದರೆ ಕೆಂಪಾದ ಜಾಗಗಳನ್ನೆಲ್ಲ ಮತ್ತೆ ಕಟ್ಟಬೇಕಾಗುತ್ತದೆ. ಕೊನೆಯ ಕಟ್ಟು ಬಿಚ್ಚಿದಾಗ ನಾರಿನ ಸಹಜ ಬಿಳುಪು ಹೊರಬರುತ್ತದೆ. ಒಂದು ಕಟ್ಟು ಸಡಿಲವಿದ್ದರೂ ಕಪ್ಪು ಒಳನುಸುಳಿ ಬಿಳಿಯ ಜಾಗ ಮಸುಕಾಗುತ್ತದೆ. ತಿದ್ದುವ ದಾರಿಯೇ ಇಲ್ಲ.

ನೇಯುವುದು ಸೊಂಟಕ್ಕೆ ಪಟ್ಟಿ ಬಿಗಿದುಕೊಳ್ಳುವ ಮಗ್ಗದಲ್ಲಿ. ನೇಕಾರ್ತಿ ಹಿಂದಕ್ಕೆ ಬಾಗಿದರೆ ಹಾಸು ಬಿಗಿಯಾಗುತ್ತದೆ, ಮುಂದಕ್ಕೆ ಬಂದರೆ ಸಡಿಲವಾಗುತ್ತದೆ. ಮೈಯೇ ಮಗ್ಗದ ಅರ್ಧ ಭಾಗ ಎಂದರೂ ಸರಿ. ಹೊಕ್ಕಿನ ಎಳೆ ಬರೀ ಕಪ್ಪು. ಬೆಳಗಿನ, ಸಂಜೆಯ ತಂಪಿನಲ್ಲಿ ನೇಯುತ್ತಾರೆ, ಯಾಕೆಂದರೆ ಮಧ್ಯಾಹ್ನದ ಬಿಸಿಗೆ ಅಬಕಾ ಒಣಗಿ ಪಟಪಟನೆ ತುಂಡಾಗುತ್ತದೆ. ಮುಗಿದ ಬಟ್ಟೆಯನ್ನು ತೊಳೆದು, ಬಡಿದು, ಕೊನೆಗೆ ಉದ್ದನೆಯ ಬಿದಿರಿನ ತುದಿಗೆ ಕವಡೆ ಸಿಕ್ಕಿಸಿ, ಬಿದಿರಿನ ಬಾಗಿನ ಒತ್ತಡದಿಂದ ಉಜ್ಜುತ್ತಾರೆ. ಆಗ ಬರುವ ಹೊಳಪಿಗೆ ಎಣ್ಣೆಯೂ ಬೇಡ, ಬಣ್ಣದ ಲೇಪವೂ ಬೇಡ. ಒಂದು ಬಟ್ಟೆಗೆ ಇದೆಲ್ಲ ಸೇರಿ ತಿಂಗಳುಗಳೇ ಹಿಡಿಯುತ್ತವೆ.

ವಿನ್ಯಾಸ ಎಲ್ಲಿಂದ ಬರುತ್ತದೆ? ಕನಸಿನಿಂದ ಅನ್ನುತ್ತಾರೆ ಟಿಬೊಲಿಗಳು. ಅಬಕಾದ ಅಧಿದೈವ ಫು ದಾಲು ಕನಸಿನಲ್ಲಿ ತೋರಿಸಬೇಕು. ಲಾಂಗ್ ದುಲಾಯ್ ಎಂಬ ನೇಕಾರ್ತಿಯ ನೆನಪಿನಲ್ಲಿ ನೂರರಷ್ಟು ವಿನ್ಯಾಸಗಳಿದ್ದವು. 1992ರ ಕಾನೂನಿನಡಿ ಫಿಲಿಪೈನ್ಸ್ ಸರ್ಕಾರ ಜನಪದ ಕಲಾವಿದರಿಗೆ ಕೊಡುವ ಅತಿದೊಡ್ಡ ಮನ್ನಣೆ 1998ರಲ್ಲಿ ಆಕೆಗೆ ಸಂದಿತು. 2015ರಲ್ಲಿ ತೀರಿಕೊಂಡರು. ಈ ಬಟ್ಟೆಯನ್ನು ದಾಟಬಾರದು, ಕತ್ತರಿಸಬಾರದು. ಕತ್ತರಿಸಿದರೆ ಕಾಯಿಲೆ ಬೀಳುತ್ತಾರೆ ಎಂಬ ನಂಬಿಕೆಯಿದೆ. ಮಾರುವಾಗ ದೈವ ಮುನಿಯದಿರಲೆಂದು ಹಿತ್ತಾಳೆಯ ಉಂಗುರ ಕಟ್ಟಿಕೊಡುವ ರೂಢಿಯೂ ಉಂಟು.

ಈಗ ಇದೇ ವಿನ್ಯಾಸದ ಫೋಟೋ ತೆಗೆದು ಪಾಲಿಯೆಸ್ಟರ್ ಮೇಲೆ ಮುದ್ರಿಸಿ ಚೀಲ ಹೊಲಿದರೆ ಉಳಿಯುವುದು ಏನು? ಗಂಟಿಲ್ಲ, ಕಟ್ಟಿಲ್ಲ, ಕನಸು ಕಂಡವಳ ಹೆಸರಿಲ್ಲ. ಇಷ್ಟಾದರೂ ಚೀಟಿಯಲ್ಲಿ ‘ಟಿನಲಾಕ್’ ಎಂದೇ ಬರೆಯುತ್ತಾರೆ. ಮುದ್ರಿತ ಬಟ್ಟೆ ಮಾರುವುದಕ್ಕೆ ನನ್ನ ತಕರಾರಿಲ್ಲ. ಆ ಪದ ಬಳಸಬೇಡಿ, ಅಷ್ಟೇ. ತಿಂಗಳುಗಟ್ಟಲೆ ಕೆಲಸದ ಬೆಲೆ ಕೇಳುವ ನೇಕಾರ್ತಿಗೆ ‘ಅಲ್ಲಿ ಇದೇ ಟಿನಲಾಕ್ ಅಗ್ಗಕ್ಕೆ ಸಿಗುತ್ತದೆ’ ಎಂಬ ಉತ್ತರ ಬರುವುದು ಆ ಒಂದು ಪದದಿಂದ.

ಅಕ್ಲಾನ್ ಪ್ರಾಂತ್ಯದ ಕಲಿಬೊ ಪಟ್ಟಣದ ಪಿನ್ಯಾ ಬಟ್ಟೆಯ ಕತೆಯೂ ಹೆಚ್ಚುಕಡಿಮೆ ಇದೇ. ಅನಾನಸ್ ಎಲೆಯನ್ನು ಒಡೆದ ಪಿಂಗಾಣಿ ತಟ್ಟೆಯ ಅಂಚಿನಿಂದ ಕೆರೆದರೆ ಒರಟು ನಾರು, ಅದರ ಕೆಳಗಿನ ಪದರವನ್ನು ತೆಂಗಿನ ಕರಟದಿಂದ ಮೆಲ್ಲಗೆ ಕೆರೆದರೆ ಕೂದಲಿನಂಥ ನಾರು. ಮತ್ತೆ ಗಂಟು, ಮತ್ತೆ ಮಗ್ಗ. 2023ರಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿತು.

ಇನ್ನು ಕುಣಿತಕ್ಕೆ ಬರೋಣ. ಫಿಲಿಪೈನ್ಸ್‌ನಲ್ಲಿ ಟಿನಿಕ್ಲಿಂಗ್ ನೋಡದವರು ಕಡಿಮೆ. ಎರಡು ಬಿದಿರಿನ ಗಳುಗಳ ನಡುವೆ ಕಾಲು ಸಿಗದಂತೆ ಕುಣಿಯುವುದು. ಲೇಯ್ತೆ ದ್ವೀಪದ್ದು, ಬಿದಿರಿನ ಬಲೆಗಳನ್ನು ತಪ್ಪಿಸಿ ಗದ್ದೆಯಲ್ಲಿ ಓಡಾಡುವ ಟಿಕ್ಲಿಂಗ್ ಹಕ್ಕಿಯ ಅನುಕರಣೆ. ಗಳು ಸುಮಾರು 9 ಅಡಿ. ಎರಡೂ ತುದಿಯ ಕೆಳಗೆ 2 ಇಂಚು ದಪ್ಪ, 30 ಇಂಚು ಉದ್ದದ ಮರದ ಪಟ್ಟಿ. ತಾಳ ಮೂರು ಎಣಿಕೆಯದು: ಒಂದಕ್ಕೆ ಗಳುಗಳು ಒಂದಕ್ಕೊಂದು ಬಡಿಯುತ್ತವೆ, ಎರಡು ಮತ್ತು ಮೂರಕ್ಕೆ ಅಡಿಯಷ್ಟು ದೂರ ಸರಿದು ಪಟ್ಟಿಗೆ ತಟ್ಟುತ್ತವೆ. ಒಂದಕ್ಕೆ ಕಾಲು ಹೊರಗೆ. ಎರಡಕ್ಕೆ ಒಂದು ಕಾಲು ಒಳಗೆ, ಮೂರಕ್ಕೆ ಇನ್ನೊಂದು ಕಾಲು ಒಳಗೆ. ಮುಂದಿನ ಒಂದಕ್ಕೆ ಆಚೆ ಬದಿಗೆ.

ಶಾಲೆಗಳಲ್ಲಿ ಕಲಿಸುವಾಗ ಎಡವುವುದು ಮೂರು ಕಡೆ. ಗಳು ಹಿಡಿದವರ ಬೆರಳು ಕೆಳಗಿದ್ದರೆ ಪಟ್ಟಿಗೆ ಸಿಕ್ಕಿ ಜಜ್ಜುತ್ತದೆ. ಬೆರಳು ಮೇಲೆ ಮತ್ತು ಹೊರಬದಿಯಲ್ಲಿ ಇರಬೇಕು. ಗಳುಗಳನ್ನು ಎತ್ತಿ ಬಡಿದರೆ ತಾಳ ತಡವಾಗುತ್ತದೆ. ಪಟ್ಟಿಯ ಮೇಲೆ ಜಾರಿಸಬೇಕು. ಕುಣಿಯುವವರು ಕಾಲು ನೋಡಿಕೊಂಡರೆ ಖಂಡಿತ ತಪ್ಪುತ್ತಾರೆ, ಏಕೆಂದರೆ ಕಣ್ಣಿಗೆ ಕಂಡ ಮೇಲೆ ಕಾಲೆತ್ತುವಷ್ಟು ಹೊತ್ತು ಅಲ್ಲಿ ಸಿಗುವುದಿಲ್ಲ, ಕಿವಿಯಿಂದಲೇ ಕುಣಿಯಬೇಕು. ಮೊದಲ ದಿನಗಳಲ್ಲಿ ನೆಲದ ಮೇಲೆ ಸೀಮೆಸುಣ್ಣದ ಎರಡು ಗೆರೆ ಸಾಕು. ಅನೇಕ ಶಾಲೆಗಳು ಪಾಪ್ ಹಾಡಿಗೆ ಹೊಂದಲೆಂದು ಇದನ್ನು ನಾಲ್ಕು ಎಣಿಕೆಗೆ ತಿರುಗಿಸಿವೆ. ಕಲಿಯಲು ಸುಲಭ, ಒಪ್ಪುತ್ತೇನೆ. ಆದರೆ ಹಕ್ಕಿಯ ಆ ಕುಂಟು ನಡಿಗೆ ಇರುವುದು ಮೂರರಲ್ಲಿ. ನಾಲ್ಕಾದ ಕೂಡಲೇ ಅದು ಹಗ್ಗ ಜಿಗಿತದಂತಾಗುತ್ತದೆ.

ಇಂಥ ಕುಣಿತಗಳನ್ನು 1920ರ ದಶಕದಿಂದ ಊರೂರು ಅಲೆದು ಹೆಜ್ಜೆ, ಎಣಿಕೆ, ಉಡುಪಿನ ಸಮೇತ ಬರೆದಿಟ್ಟವರು ಫ್ರಾನ್ಸಿಸ್ಕಾ ರೆಯೆಸ್ ಅಕಿನೊ. 1962ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. 1991ರಲ್ಲಿ ಹೆಗ್ಗೋಡಿನ ಕೆ.ವಿ. ಸುಬ್ಬಣ್ಣನವರಿಗೆ ಬಂದದ್ದೂ ಅದೇ ಪ್ರಶಸ್ತಿ.

ಕಷ್ಟದ ಪ್ರಕರಣ ಸಿಂಗ್‌ಕಿಲ್. ಇದು ಲನಾವ್ ಸರೋವರದ ಸುತ್ತಲಿನ ಮರನಾವ್ ಮುಸ್ಲಿಮರದ್ದು. ಹೆಸರು ಬಂದದ್ದು ಕಾಲಿಗೆ ಕಟ್ಟುವ ಗೆಜ್ಜೆಯಿಂದ. ಸಮುದಾಯದೊಳಗೆ ಇದು ದೊಡ್ಡ ಮನೆತನದ ಹೆಣ್ಣುಮಕ್ಕಳ ಕುಣಿತ; ನಿಧಾನ, ಗಂಭೀರ, ಬೀಸಣಿಗೆಯ ಮೇಲೆ ಹಿಡಿತ ತೋರಿಸುವಂಥದ್ದು. 1957ರಲ್ಲಿ ಹುಟ್ಟಿದ ಬಾಯಾನಿಹಾನ್ ತಂಡ, ಲುಕ್ರೇಸಿಯಾ ರೆಯೆಸ್ ಉರ್ತುಲಾ ಅವರ ಸಂಯೋಜನೆಯಲ್ಲಿ, ಇದನ್ನು ವಿಶ್ವದ ರಂಗಗಳಿಗೆ ಒಯ್ದಿತು. ಆ ರೂಪದಲ್ಲಿ ರಾಜಕುಮಾರ ಬಂದ, ಅಡ್ಡಡ್ಡ ಬಿದಿರುಗಳ ಅಬ್ಬರ ಬಂತು, ವೇಗ ಏರಿತು. ನೋಡಲು ಅದ್ಭುತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಇಂದು ಜಗತ್ತಿನಾದ್ಯಂತ ಫಿಲಿಪಿನೊ ಸಂಘಗಳು ಕುಣಿಯುವುದು ಈ ರಂಗರೂಪವನ್ನೇ, ಮತ್ತು ನಿರೂಪಕರು ಅದನ್ನು ಪುರಾತನ ಮರನಾವ್ ನೃತ್ಯ ಎನ್ನುತ್ತಾರೆ. ಮರನಾವ್ ವಿದ್ವಾಂಸರು ಆಕ್ಷೇಪಿಸಿದ್ದಾರೆ. ನನ್ನ ಮಟ್ಟಿಗೆ ಆ ಆಕ್ಷೇಪ ನ್ಯಾಯವಾದದ್ದು. ಈ ಜನರ ಬಳಿ ದರಾಂಗೆನ್ ಎಂಬ ಮಹಾಕಾವ್ಯವಿದೆ. ರಾವಣನನ್ನು ಲವನ ಎಂದು ಕರೆಯುವ ರಾಮಕಥೆಯೂ ಅವರ ಬಾಯಲ್ಲಿ ಉಳಿದುಬಂದಿದೆ. ಯಕ್ಷಗಾನದ ರಾವಣನನ್ನು ಬಲ್ಲ ನಮಗೆ ಇದು ಬೇಗ ಅರ್ಥವಾಗಬೇಕು: ನಮ್ಮ ಆಟವನ್ನು ಮೂರೇ ನಿಮಿಷಕ್ಕೆ ಇಳಿಸಿ, ಸ್ತ್ರೀವೇಷಕ್ಕೆ ಬೇರೆ ಕುಣಿತ ಸೇರಿಸಿ, ‘ಇದೇ ಯಕ್ಷಗಾನ’ ಎಂದು ಬೇರೆಯವರು ಸಾರಿದರೆ ನಾವು ಸುಮ್ಮನಿರುವುದಿಲ್ಲ.

ರಮೋನ್ ಒಬುಸಾನ್ 1972ರಲ್ಲಿ ಕಟ್ಟಿದ ತಂಡ ಇನ್ನೊಂದು ದಾರಿ ಹಿಡಿಯಿತು. ಊರಲ್ಲಿ ದಾಖಲಿಸಿದ ರೂಪಕ್ಕೆ ಆದಷ್ಟು ಹತ್ತಿರ ಉಳಿಯುವುದು ಅವರ ಹಟ. ಎರಡೂ ದಾರಿ ಬೇಕು. ಯಾವುದು ಯಾವುದು ಅನ್ನುವುದು ಪ್ರೇಕ್ಷಕರಿಗೆ ಗೊತ್ತಿರಬೇಕು.

ಸಮಕಾಲೀನ ಕಲೆಯವರಲ್ಲಿ ಇದನ್ನು ಚೆನ್ನಾಗಿ ಮಾಡಿದವರೂ ಇದ್ದಾರೆ. ಪಸೀಟಾ ಅಬಾದ್ ಕ್ಯಾನ್ವಾಸ್‌ಗೆ ಹತ್ತಿ ತುಂಬಿ ಹೊಲಿದು, ಮೇಲೆ ಕವಡೆ, ಗುಂಡಿ, ಕನ್ನಡಿ ಚೂರು ಕೂರಿಸಿದರು. ಹಲವು ದೇಶಗಳ ಹೊಲಿಗೆ ಕಲಿತು ತನ್ನದೇ ಭಾಷೆ ಮಾಡಿಕೊಂಡರು. ಬಾಗಿಯೊ ನಗರದ ರೊಬೆರ್ತೊ ವಿಲ್ಯಾನುಯೇವಾ 1989ರಲ್ಲಿ ಮನಿಲಾದ ಸಾಂಸ್ಕೃತಿಕ ಕೇಂದ್ರದ ಅಂಗಳದಲ್ಲಿ ರೂನೊ ಎಂಬ ಜೊಂಡಿನಿಂದ ಸುರುಳಿ ದಾರಿ ಕಟ್ಟಿದರು. ನಡುವಿನಲ್ಲಿ ಕೊರ್ಡಿಲ್ಯೇರಾ ಬೆಟ್ಟಗಳ ಊರಹಿರಿಯರು ಸೇರುವಂಥ ಕಲ್ಲುಕಟ್ಟೆ. ಜೊಂಡು ಒಣಗಿ ಕರಗುವುದೂ ಆ ಕೃತಿಯ ಭಾಗವೇ ಆಗಿತ್ತು. ಇಂಥ ಕಡೆ ವಸ್ತುವೇ ಮುಂದೆ ನಡೆಯುತ್ತದೆ, ಕಲಾವಿದ ಅದನ್ನು ಹಿಂಬಾಲಿಸುತ್ತಾನೆ.

ಹಾಗಾದರೆ ಮಾಡಬೇಕಾದ್ದೇನು? ಗ್ಯಾಲರಿಯ ಫಲಕದಲ್ಲಿ ಕಲಾವಿದರ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ನೇಯ್ದವರ ಹೆಸರು, ಊರು, ಹಿಡಿದ ತಿಂಗಳು. ಟಿನಲಾಕ್ ತೂಗುಹಾಕುವುದಾದರೆ ಎಸಿಯ ಒಣಗಾಳಿ ನೇರ ಬೀಸದ ಕಡೆ. ಇಡುವುದಾದರೆ ಮಡಚದೆ ಸುತ್ತಿ, ಏಕೆಂದರೆ ಮಡಿಕೆಯ ಗೆರೆಯಲ್ಲಿ ಅಬಕಾ ಸೀಳುತ್ತದೆ. ನೃತ್ಯಕ್ಕೆ ಮುಂಚೆ ನಿರೂಪಕರು ಎರಡೇ ವಾಕ್ಯ ಹೇಳಲಿ: ಈ ಕುಣಿತ ಯಾವ ಜನರದ್ದು, ಈ ರಂಗರೂಪ ಯಾರು ಕಟ್ಟಿದ್ದು.

ಕೊಳ್ಳುವವರಿಗೊಂದು ಮಾತು. ನಿಜವಾದ ಟಿನಲಾಕ್‌ನಲ್ಲಿ ಬಣ್ಣದ ಅಂಚು ಗರಿಯಂತೆ ಸ್ವಲ್ಪ ಕದಡಿರುತ್ತದೆ, ಚಿತ್ತಾರ ಎರಡೂ ಬದಿ ಕಾಣುತ್ತದೆ, ಬೆರಳಾಡಿಸಿದರೆ ಗಂಟು ತಾಗುತ್ತದೆ. ಗೆರೆ ಚೂಪಾಗಿದ್ದು ಹಿಂಬದಿ ಪೇಲವವಾಗಿದ್ದರೆ ಅದು ಮುದ್ರಿತ. ನೇಯ್ದವಳ ಹೆಸರು ಕೇಳಿ. ಚೀಲವೋ ಮೇಜಿನ ಹಾಸೋ ಮಾಡಿಸಬೇಕಿದ್ದರೆ, ಬಟ್ಟೆ ಕೊಂಡು ಕತ್ತರಿ ಹಾಕುವ ಬದಲು, ಅಳತೆ ಹೇಳಿ ಅಷ್ಟೇ ಉದ್ದ ನೇಯ್ದುಕೊಡಲು ಆಗುವುದೇ ಎಂದು ಮೊದಲು ಅವಳನ್ನೇ ಕೇಳಿ.