ಸರ್‌ಪ್ಲಸ್ ಅಂಗಿ, ಸರ್‌ಪ್ಲಸ್ ಗೋಧಿ, ಸರ್‌ಪ್ಲಸ್ ಮೇಷ್ಟ್ರು

ಕೇಳುಗರಿಗೆ ನಮಸ್ಕಾರ.

ಹೋದ ತಿಂಗಳು ಬೆಂಗಳೂರಿನ ಒಂದು ಸಣ್ಣ ಅಂಗಡಿಯಲ್ಲಿ 350 ರೂಪಾಯಿ ಕೊಟ್ಟು ಅಂಗಿ ತಂದೆ. ಬಾಗಿಲ ಮೇಲಿನ ಬೋರ್ಡಿನಲ್ಲಿ ‘ಎಕ್ಸ್‌ಪೋರ್ಟ್ ಸರ್‌ಪ್ಲಸ್’ ಅಂತ ಬರೆದಿತ್ತು. ಮನೆಗೆ ಬಂದು ಕಾಲರ್ ತಿರುವಿ ನೋಡಿದರೆ ಲೇಬಲ್ಲಿಗೆ ಅಡ್ಡಲಾಗಿ ಕತ್ತರಿ ಬಿದ್ದಿದೆ. ಕಂಪನಿಯ ಹೆಸರು ಅರ್ಧ ಇದೆ, ಅರ್ಧ ಇಲ್ಲ. ಹೊಲಿಗೆ ಗಟ್ಟಿ. ಗುಂಡಿ, ಕಾಜಾ ಎಲ್ಲ ನೆಟ್ಟಗಿವೆ. ಕುತ್ತಿಗೆಗೆ ಚುಚ್ಚುವ ಆ ಅರ್ಧ ಲೇಬಲ್ ಬಿಟ್ಟರೆ ಅಂಗಿಯಲ್ಲಿ ಒಂದು ಕುಂದೂ ಇಲ್ಲ.

‘ಸರ್‌ಪ್ಲಸ್ ಅಂದರೆ ಏನಪ್ಪಾ?’ ಅಂತ ಅಂಗಡಿಯ ಹುಡುಗನನ್ನು ಕೇಳಿದ್ದೆ. ‘ಜಾಸ್ತಿ ಆಗಿದ್ದು ಸಾರ್’ ಅಂದ. ಸರಿಯಾಗೇ ಹೇಳಿದ. ಆದರೆ ಯಾರಿಗೆ ಜಾಸ್ತಿ? ಆ ಪ್ರಶ್ನೆ ನನಗೆ ಹೊಳೆದದ್ದು ಬಸ್ಸು ಹತ್ತಿ ಕೂತ ಮೇಲೆ.

ಅಂಗಿಯ ಮಟ್ಟಿಗೆ ಉತ್ತರ ಸುಲಭ. ಹೊರದೇಶದವರು 10,000 ಅಂಗಿ ಕೇಳಿದರೆ ಗಾರ್ಮೆಂಟ್ಸ್‌ನವರು ಕಟಿಂಗ್ ಮಾಡುವಾಗಲೇ ಒಂದಷ್ಟು ಹೆಚ್ಚಿಗೆ ಕತ್ತರಿಸಿಕೊಳ್ಳುತ್ತಾರೆ. ಕಲೆ ಬೀಳುತ್ತದೆ, ಹೊಲಿಗೆ ಬಿಡುತ್ತದೆ, ಚೆಕಿಂಗ್‌ನಲ್ಲಿ ಕೆಲವು ಹೋಗುತ್ತವೆ ಅಂತ ಲೆಕ್ಕ. ಹಾಗೆ ಹೋಗದೆ ಪಾಸಾಗಿ ಉಳಿದದ್ದು ಸರ್‌ಪ್ಲಸ್. ಫೇಲಾದದ್ದು ರಿಜೆಕ್ಟ್. ಅಂಗಡಿಗೆ ಬಂದ ಮೇಲೆ ಎರಡೂ ಒಂದೇ ರಾಶಿ. ಆರಿಸುವ ಕಣ್ಣು ನಮಗಿರಬೇಕು, ಅಷ್ಟೆ.

ಇನ್ನು ಪದದ ಕಥೆ. ಲ್ಯಾಟಿನ್‌ನಲ್ಲಿ ‘ಸೂಪರ್’ ಅಂದರೆ ಮೇಲೆ, ‘ಪ್ಲಸ್’ ಅಂದರೆ ಹೆಚ್ಚು. ಎರಡನ್ನೂ ಕೂಡಿಸಿ ‘ಸೂಪರ್‌ಪ್ಲಸ್’ ಮಾಡಿದರು. ಹೆಚ್ಚಿನ ಮೇಲೆ ಹೆಚ್ಚು! ಫ್ರೆಂಚರ ಬಾಯಲ್ಲಿ ಸೂಪರ್ ಸವೆದು ‘ಸರ್’ ಆಯಿತು. 14ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷಿಗೆ ಬಂತು. ಇಂಗ್ಲಿಷಿನವರು ಸುಮ್ಮನಿರಲಿಲ್ಲ, ಅದನ್ನೇ ಅರ್ಧ ಅನುವಾದ ಮಾಡಿ ‘ಓವರ್‌ಪ್ಲಸ್’ ಅಂತ ಇನ್ನೊಂದನ್ನು ಹುಟ್ಟಿಸಿದರು. ನಮ್ಮಲ್ಲಿ ‘ನಡುಸೆಂಟರ್’ ಅಂತಾರಲ್ಲ, ಹಾಗೆ. ಶೇಕ್ಸ್‌ಪಿಯರನ ‘ಆಂಟನಿ ಅಂಡ್ ಕ್ಲಿಯೋಪಾತ್ರ’ ನಾಟಕದಲ್ಲಿ ರೋಮಿನ ಸೇನಾಪತಿ ಆಂಟನಿ ಈ ಪದ ಬಳಸುತ್ತಾನೆ. ಆಳುಗಳು ಸಾಲದೆ ಮಿಕ್ಕ ಹಡಗುಗಳನ್ನು ಸುಟ್ಟುಬಿಡೋಣ ಅನ್ನುತ್ತಾನೆ. ಮಿಕ್ಕಿದ್ದನ್ನು ಸುಡುವ ಮಾತು, ನೋಡಿ. ಇದು ಮುಂದೆಯೂ ಬರುತ್ತದೆ.

ಚರ್ಚಿನ ಪಾದ್ರಿಗಳು ಹಾಕುವ ಬಿಳಿ ನಿಲುವಂಗಿಗೆ ‘ಸರ್‌ಪ್ಲಿಸ್’ ಅನ್ನುತ್ತಾರೆ. ಕಿವಿಗೆ ಹೆಚ್ಚುಕಮ್ಮಿ ಒಂದೇ. ಅದರಲ್ಲೂ ಅದೇ ‘ಸೂಪರ್’ ಇದೆ, ಉಳಿದ ಅರ್ಧ ಮಾತ್ರ ತುಪ್ಪಳಕ್ಕೆ ಸಂಬಂಧಿಸಿದ್ದು. ಚಳಿಗೆ ಹಾಕಿದ ತುಪ್ಪಳದ ಕೋಟಿನ ಮೇಲೆ ತೊಡುವ ಬಟ್ಟೆ ಅಂತ ಅರ್ಥ. ಅಂದರೆ ಪಾದ್ರಿಯದು ಸರ್‌ಪ್ಲಿಸ್, ನನ್ನದು ಸರ್‌ಪ್ಲಸ್.

ಈ ಪದವನ್ನು ಅಂಗಡಿಯ ಬೋರ್ಡಿಗೆ ಏರಿಸಿದ್ದರಲ್ಲಿ ಯುದ್ಧಗಳ ಪಾಲು ದೊಡ್ಡದು. ಯುದ್ಧ ಯಾವತ್ತು ಮುಗಿಯುತ್ತದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಹಾಗಾಗಿ ಎಲ್ಲವನ್ನೂ ಜಾಸ್ತಿ ಮಾಡಿಟ್ಟಿರುತ್ತಾರೆ. ಅಮೆರಿಕದ ಅಂತರ್ಯುದ್ಧ 1865ರಲ್ಲಿ ನಿಂತಾಗ ಮಿಕ್ಕ ಸಾಮಾನು ಹರಾಜಿಗೆ ಬಂತು. ಫ್ರಾನ್ಸಿಸ್ ಬ್ಯಾನರ್ಮನ್ ಎಂಬ ವ್ಯಾಪಾರಿ ಇಂಥದ್ದನ್ನು ಕೊಂಡು ಮಾರಿಯೇ ದೊಡ್ಡ ಕುಳವಾದ. 1898ರಲ್ಲಿ ಸ್ಪೇನ್ ಜೊತೆಗಿನ ಯುದ್ಧ ಮುಗಿದ ಮೇಲೆ ಅವನ ಹತ್ತಿರ ಎಷ್ಟು ಮದ್ದುಗುಂಡು ಸೇರಿತೆಂದರೆ, ಅದನ್ನು ನ್ಯೂಯಾರ್ಕ್ ಊರೊಳಗೆ ಇಟ್ಟುಕೊಳ್ಳುವ ಹಾಗಿರಲಿಲ್ಲ. 1900ರಲ್ಲಿ ಹಡ್ಸನ್ ನದಿಯ ಒಂದು ಪುಟ್ಟ ದ್ವೀಪವನ್ನೇ ಕೊಂಡ. ಅಲ್ಲಿ ಕೋಟೆಯ ಆಕಾರದಲ್ಲಿ ಗೋದಾಮು ಕಟ್ಟಿಸಿದ. ಅವನು ಸತ್ತು ಎರಡು ವರ್ಷಕ್ಕೆ, 1920ರಲ್ಲಿ, ಮದ್ದು ಸಿಡಿದು ಅದರ ಒಂದು ಭಾಗ ಹಾರಿಹೋಯಿತು. ಅರೆಬರೆ ಗೋಡೆಗಳು ಈಗಲೂ ನಿಂತಿವೆ.

ಎರಡನೇ ಮಹಾಯುದ್ಧದ ಕಥೆ ಇದಕ್ಕಿಂತ ವಿಚಿತ್ರ. ಪೆಸಿಫಿಕ್ ಸಾಗರದಲ್ಲಿ ಈಗಿನ ವನುವಾಟು ದೇಶದ ಎಸ್ಪಿರಿಟು ಸಾಂಟೊ ಎಂಬ ದ್ವೀಪವಿದೆ. ಅಲ್ಲಿ ಅಮೆರಿಕನ್ನರ ದೊಡ್ಡ ಸೇನಾ ನೆಲೆ ಇತ್ತು. ಯುದ್ಧ ಮುಗಿಯಿತು. ಲಾರಿ, ಜೀಪು, ಬುಲ್‌ಡೋಜರ್, ಕ್ರೇನು, ಪೆಟ್ಟಿಗೆಗಟ್ಟಲೆ ಸಾಮಾನು ಉಳಿದವು. ಊರಿಗೆ ವಾಪಸ್ಸು ಸಾಗಿಸಿದರೆ ಖರ್ಚು, ಜೊತೆಗೆ ಅಲ್ಲಿನ ಮಾರುಕಟ್ಟೆ ಬೀಳುತ್ತದೆ ಎಂಬ ಭಯ. ಆಗ ಆ ದ್ವೀಪವನ್ನು ಬ್ರಿಟಿಷರು, ಫ್ರೆಂಚರು ಸೇರಿ ಆಳುತ್ತಿದ್ದರು. ಅವರಿಗೇ ಪುಡಿಗಾಸಿಗೆ ಕೊಡುತ್ತೇವೆ ಅಂದರು. ಹೇಗೂ ಬಿಟ್ಟು ಹೋಗುತ್ತಾರೆ, ದುಡ್ಡು ಯಾಕೆ ಕೊಡಬೇಕು ಅಂತ ಅವರು ಸುಮ್ಮನೆ ಕಾದರು. ಅಮೆರಿಕನ್ನರು ಕಡಲಿಗೆ ಇಳಿಯುವ ಹಾಗೆ ಒಂದು ಇಳಿಜಾರು ಕಟ್ಟಿ, ಗಾಡಿಗಳನ್ನೆಲ್ಲ ಒಂದೊಂದಾಗಿ ನೀರಿಗೆ ನೂಕಿಬಿಟ್ಟರು! ಆ ಜಾಗಕ್ಕೆ ಈಗ ‘ಮಿಲಿಯನ್ ಡಾಲರ್ ಪಾಯಿಂಟ್’ ಅಂತ ಹೆಸರು. ಮುಳುಗುಗಾರರು ಅಲ್ಲಿಗೆ ಹೋಗಿ ತುಕ್ಕು ಹಿಡಿದ ಸ್ಟೇರಿಂಗುಗಳ ನಡುವೆ ಮೀನು ನೋಡಿ ಬರುತ್ತಾರೆ. ಚೌಕಾಸಿ ಎರಡೂ ಕಡೆ ಹಟಕ್ಕೆ ಬಿದ್ದರೆ ಹೀಗೂ ಆಗುತ್ತದೆ.

ಸರ್‌ಪ್ಲಸ್ ನನ್ನ ಹೊಟ್ಟೆಗೂ ಹೋಗಿದೆ. ಅಮೆರಿಕದ ರೈತರು ಬೆಳೆದ ಗೋಧಿ ಅಲ್ಲಿ ಮಾರಾಟವಾಗದೆ ಬೆಲೆ ಬೀಳುತ್ತಿತ್ತು. 1954ರಲ್ಲಿ ಅವರು ಪಿಎಲ್ 480 ಎಂಬ ಕಾಯ್ದೆ ಮಾಡಿದರು. ಸರ್‌ಪ್ಲಸ್ ಧಾನ್ಯವನ್ನು ಹೊರದೇಶಗಳಿಗೆ ಕೊಡುವುದು, ಜೊತೆಗೆ ತಮ್ಮ ವಿದೇಶ ನೀತಿಯ ಕೆಲಸವನ್ನೂ ಮಾಡಿಕೊಳ್ಳುವುದು ಅಂತ ಆ ಕಾಯ್ದೆಯಲ್ಲೇ ಇದೆ. ಮುಚ್ಚುಮರೆ ಏನೂ ಇರಲಿಲ್ಲ. ಮಳೆ ಕೈಕೊಟ್ಟ 1966ರ ಹೊತ್ತಿಗಂತೂ ನಮ್ಮ ದೇಶದ್ದು ‘ಹಡಗಿನಿಂದ ನೇರ ಬಾಯಿಗೆ’ ಎಂಬ ಸ್ಥಿತಿ. ನಮ್ಮ ಶಾಲೆಗಳಿಗೆ ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆಯ ಮೂಲಕ ಉಪ್ಪಿಟ್ಟಿನ ರವೆ, ಹಾಲಿನ ಪುಡಿ ಬರುತ್ತಿತ್ತು. ಮೂಟೆಗಳ ಮೇಲೆ ಎರಡು ಕೈಗಳು ಕುಲುಕುವ ಚಿತ್ರ. ನಾವು ಮನೆಯಿಂದ ತಟ್ಟೆ ಒಯ್ಯುತ್ತಿದ್ದೆವು. ಮರೆತವರಿಗೆ ಮುತ್ತುಗದ ಎಲೆ. ಒಗ್ಗರಣೆಗೆ ಈರುಳ್ಳಿ ಬಿದ್ದ ವಾಸನೆ ಬಂದರೆ ಸಾಕು, ಕೊನೆಯ ಪೀರಿಯಡ್ಡಿನ ಮಗ್ಗಿ ಯಾರ ತಲೆಗೂ ಹೋಗುತ್ತಿರಲಿಲ್ಲ. ಖಾಲಿ ಚೀಲಗಳನ್ನು ಬಿಚ್ಚಿ ಹೊಲಿದು ನಮ್ಮಮ್ಮ ಬಚ್ಚಲಿಗೆ ಪರದೆ ಮಾಡಿದ್ದರು. ಸ್ನಾನಕ್ಕೆ ಹೋದಾಗಲೆಲ್ಲ ಅಮೆರಿಕ ನಮಗೆ ಕೈ ಕುಲುಕುತ್ತಿತ್ತು. ಅವರಿಗೆ ಜಾಸ್ತಿಯಾದದ್ದು ಅಂತ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದೆ.

ಸಾಮಾನಿಗೆ ಅಂಟಿದ ಪದ ಮನುಷ್ಯರಿಗೂ ಅಂಟಿತು. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಗಂಡಸರು ಲಕ್ಷಗಟ್ಟಲೆ ಸತ್ತರು. 1921ರ ಜನಗಣತಿಯಲ್ಲಿ ಗಂಡಸರಿಗಿಂತ ಹೆಂಗಸರು 17 ಲಕ್ಷಕ್ಕೂ ಜಾಸ್ತಿ ಇದ್ದಾರೆ ಅಂತ ಗೊತ್ತಾಯಿತು. ಪತ್ರಿಕೆಗಳು ಅವರನ್ನು ‘ಸರ್‌ಪ್ಲಸ್ ಹೆಂಗಸರು’ ಅಂದವು. ಸತ್ತವರು ಕಡಿಮೆಯಾದರು ಅನ್ನುವುದು ಬಿಟ್ಟು, ಬದುಕಿದ್ದವರು ಹೆಚ್ಚಾದರು ಅಂತ ಲೆಕ್ಕ ಬರೆದರು.

ನಮ್ಮಲ್ಲೂ ಇದೆ. ಶಾಲೆಯಲ್ಲಿ ಮಕ್ಕಳು ಕಡಿಮೆಯಾದರೆ ಮೇಷ್ಟ್ರು ‘ಹೆಚ್ಚುವರಿ’ ಆಗುತ್ತಾರೆ. ಕಡತದಲ್ಲಿ ಹೆಚ್ಚುವರಿ, ಸ್ಟಾಫ್ ರೂಮಿನಲ್ಲಿ ‘ಅವರು ಸರ್‌ಪ್ಲಸ್ ಆದರಂತೆ’. ನನ್ನ ಗೆಳೆಯರೊಬ್ಬರು ಹಾಗೆ ಆಗಿ ಬೇರೆ ಊರಿಗೆ ಹೋದರು. ‘ನಾನು ಇದ್ದಷ್ಟೇ ಇದ್ದೆ ಮಾರಾಯ, ಒಂದು ಕೆಜಿಯೂ ದಪ್ಪ ಆಗಿಲ್ಲ’ ಅಂತ ನಗುತ್ತಿದ್ದರು.

ಕನ್ನಡದಲ್ಲಿ ಇದಕ್ಕೆ ಪದ ಇಲ್ಲವೇ? ‘ಜಾಸ್ತಿ’ಯೇ ನಮ್ಮದಲ್ಲ, ಅರಬ್ಬಿಯಿಂದ ದಾರಿ ಬಳಸಿ ಬಂದದ್ದು. ನಮ್ಮದು ‘ಮಿಗು’. ಅದರ ಮಕ್ಕಳನ್ನು ನೋಡಿ. ತಟ್ಟೆಯಲ್ಲಿ ಉಳಿದದ್ದು ಮಿಕ್ಕಿದ್ದು. ಎಲ್ಲರನ್ನೂ ಮೀರಿಸಿದ್ದು ಮಿಗಿಲು. ಒಂದೇ ಬೇರಿನಿಂದ ಎಂಜಲೂ ಹೊಗಳಿಕೆಯೂ ಹುಟ್ಟಿವೆ. ಇನ್ನು ತರಕಾರಿ ತೂಗಿದ ಮೇಲೆ ಅಂಗಡಿಯವಳು ಚೀಲಕ್ಕೆ ಹಾಕುವ ಎರಡು ಮೆಣಸಿನಕಾಯಿ ಇದೆಯಲ್ಲ, ಅದು ಕೊಸರು. ಅದನ್ನು ಸರ್‌ಪ್ಲಸ್ ಅಂದರೆ ಅವಳಿಗೆ ಬೇಜಾರಾಗುತ್ತದೆ.

ನನಗೆ ತುಂಬ ಇಷ್ಟವಾದದ್ದು ಇನ್ನೊಂದು. ನೀರಾವರಿ ಇಂಜಿನಿಯರುಗಳ ಕಾಗದದಲ್ಲಿ ‘ಸರ್‌ಪ್ಲಸ್ ವಿಯರ್’ ಅಂತ ಇರುತ್ತದೆ. ಕೆರೆ ತುಂಬಿದ ಮೇಲೆ ಏರಿ ಒಡೆಯದಂತೆ ಹೆಚ್ಚಿನ ನೀರು ಹೊರಗೆ ಹೋಗುವ ಜಾಗ. ನಾವು ಅದನ್ನು ಕೋಡಿ ಅನ್ನುತ್ತೇವೆ. ನಮ್ಮೂರ ಕೆರೆ ಕೋಡಿ ಬಿದ್ದರೆ ಹೆಂಗಸರು ಬಾಗಿನ ಬಿಡುತ್ತಾರೆ, ಹುಡುಗರು ಕಲ್ಲಿನ ಸಂದಿಯಲ್ಲಿ ಮೀನಿಗೆ ಕೂರುತ್ತಾರೆ. ಕೋಡಿಯ ನೀರು ಹಳ್ಳ ಹಿಡಿದು ಕೆಳಗಿನ ಊರಿನ ಕೆರೆಗೆ ಹೋಗುತ್ತದೆ. ಮಳೆಗಾಲದಲ್ಲಿ ಆ ಊರಿನವರು ಸಂಜೆ ಹೊತ್ತು ಸೈಕಲ್ಲಿನಲ್ಲಿ ಬಂದು, ಏರಿಯ ಮೇಲೆ ಒಂದು ಕಾಲೂರಿ ನಿಂತು ಕೇಳುತ್ತಿದ್ದರು: ‘ಇನ್ನೂ ಎಷ್ಟು ಬೇಕು ಅಣ್ಣ, ಕೋಡಿ ಬೀಳೋಕೆ?’

ನಮಸ್ಕಾರ.