ಕಾಗೆಕಾಲು ಎಲ್ಲಿದೆ?

ಕೇಳುಗರಿಗೆಲ್ಲ ನಮಸ್ಕಾರ.

ಮಂಡಿಯಲ್ಲಿ ಒಂದು ಹಿಡಿ ಅಡಿಕೆ ಎತ್ತಿ, ಅಂಗೈಯಲ್ಲಿ ಉರುಳಿಸಿ, ಇದು ಸರಕು, ಇದು ಬೆಟ್ಟೆ, ಇದು ರಾಶಿ, ಇದು ಗೊರಬಲು ಅಂತ ಉಸಿರು ಬಿಡುವುದರೊಳಗೆ ಹೇಳಿಬಿಡುವ ಜನ ನಮ್ಮ ಮಲೆನಾಡಿನವರು. ಅದೇ ಜನ ಶಿವಮೊಗ್ಗದ ಗಾಂಧಿ ಬಜಾರಿಗೆ ಹೋಗಿ ವಜ್ರದ ಮೂಗುಬೊಟ್ಟಿನ ಮುಂದೆ ಕೂತರೆ ಮೂಕರಾಗಿಬಿಡುತ್ತಾರೆ. ಅಂಗಡಿಯವರು ಒಂದು ಕಾಗದ ಮುಂದಿಡುತ್ತಾರೆ. ಅದರಲ್ಲಿ ‘ಎಸ್‌ಐ’ ಅಂತ ಇರುತ್ತದೆ. ಹಾಗಂದರೇನಪ್ಪ ಅಂದರೆ, “ಸ್ವಲ್ಪ ಇನ್‌ಕ್ಲೂಶನ್ ಇದೆ ಅಮ್ಮ, ಅಂದರೆ ಒಳಗೆ ಸಣ್ಣ ದೋಷ, ಕಣ್ಣಿಗೆ ಕಾಣಲ್ಲ” ಅನ್ನುತ್ತಾರೆ. ಅಲ್ಲಿಗೆ ಮುಗಿಯಿತು. ಕೆಲವರು ಹೆದರಿ ಎದ್ದು ಬರುತ್ತಾರೆ, ಕೆಲವರು ನಂಬಿ ತಂದುಬಿಡುತ್ತಾರೆ. ಹರಳನ್ನು ಎತ್ತಿ ನೋಡಿದವರು ಮಾತ್ರ ಯಾರೂ ಇಲ್ಲ.

ನಾನು ಮುಂಬೈಯ ಒಪೆರಾ ಹೌಸ್ ಹತ್ತಿರದ ಒಂದು ವಜ್ರದ ಕಚೇರಿಯಲ್ಲಿ ಹದಿನಾಲ್ಕು ವರ್ಷ ಹರಳು ವಿಂಗಡಿಸಿದವನು. ಈಗ ತೀರ್ಥಹಳ್ಳಿ ಕಡೆ ಅಪ್ಪನ ತೋಟ ನೋಡಿಕೊಂಡಿದ್ದೇನೆ. ಅಲ್ಲಿ ಬಿಳಿ ಕಾಗದದ ಮೇಲೆ ಹರಳು, ಇಲ್ಲಿ ಅಂಗಳದ ತುಂಬ ಅಡಿಕೆ. ಬೆನ್ನುನೋವು ಎರಡಕ್ಕೂ ಒಂದೇ. ಹೋದ ವರ್ಷ ಮಗಳಿಗೆ ಮೂಗುಬೊಟ್ಟು ಮಾಡಿಸಿದೆ. ಕೊಂಡದ್ದು ದೋಷವಿರುವ ಹರಳನ್ನೇ. ಆದರೆ ಆ ದೋಷವನ್ನು ನಾನೇ ಆರಿಸಿಕೊಂಡೆ. ಇವತ್ತು ಹೇಳಬೇಕೆಂದಿರುವುದು ಆ ಆಯ್ಕೆಯ ವಿಚಾರ.

ನಮ್ಮಮ್ಮನ ಪ್ರಕಾರ ಕಾಗೆಕಾಲು ಇರುವ ವಜ್ರ ಮನೆಗೆ ಆಗಿಬರುವುದಿಲ್ಲ. ಆಕೆ ಕಾಗೆಕಾಲನ್ನು ಕಂಡವಳಲ್ಲ, ಕೇಳಿದವಳು ಅಷ್ಟೆ. ಹಳೆಯ ರತ್ನಶಾಸ್ತ್ರದಲ್ಲಿ ವಜ್ರಕ್ಕೆ ಐದು ದೋಷ ಹೇಳುತ್ತಾರೆ: ಮಲ, ಬಿಂದು, ಯವ, ರೇಖೆ, ಕಾಕಪದ. ಈ ಕಾಕಪದವೇ ಕಾಗೆಕಾಲು. ಶುಭ ಅಶುಭದ ಮಾತನ್ನು ಸ್ವಲ್ಪ ಬದಿಗಿಟ್ಟು ಈ ಹೆಸರುಗಳನ್ನು ನೋಡಿ. ಇಟ್ಟವರು ಹರಳನ್ನು ಕಣ್ಣಿಟ್ಟು ನೋಡಿದ್ದಾರೆ. ಈಗಿನ ಪ್ರಯೋಗಾಲಯಗಳು ಪಿನ್‌ಪಾಯಿಂಟ್ ಅನ್ನುವ ಸೂಜಿಮೊನೆಯ ಚುಕ್ಕಿ ಬಿಂದುವಿನಂತೆಯೇ ಇರುತ್ತದೆ. ಹರಳಿನೊಳಗೆ ಸಿಕ್ಕಿಕೊಂಡ ಮತ್ತೊಂದು ಪುಟ್ಟ ಹರಳು ಜವೆಗೋಧಿಯ ಕಾಳಿನಂತೆ ಕಾಣುತ್ತದೆ, ಅದು ಯವ. ಒಳಗಿನ ಸೀಳನ್ನು ಇಂಗ್ಲಿಷಿನವರು ಫೆದರ್ ಅಂದರು, ಗರಿ. ನಮ್ಮವರು ಅದರಲ್ಲೇ ಕಾಗೆಯ ಕಾಲನ್ನು ಕಂಡರು. ಈ ಹೋಲಿಕೆ ನನ್ನದು, ಶಾಸ್ತ್ರದ್ದಲ್ಲ. ಆದರೆ ಲೂಪ್ ಹಿಡಿದು ಕೂತಾಗೆಲ್ಲ ನನಗೆ ಹಾಗೇ ಅನ್ನಿಸಿದೆ.

ಲೂಪ್ ಅಂದರೆ ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಪುಟ್ಟ ಭೂತಗನ್ನಡಿ. ವಜ್ರದ ನ್ಯಾಯತೀರ್ಮಾನವೆಲ್ಲ ಈ ಹತ್ತು ಪಟ್ಟಿನ ಮೇಲೆಯೇ. ಅದರಲ್ಲಿ ಕಾಣದ ದೋಷ ಲೆಕ್ಕಕ್ಕಿಲ್ಲ. ಹರಳುಗಳನ್ನು ಪರೀಕ್ಷಿಸುವ ಅಮೆರಿಕದ ಜಿಐಎ ಸಂಸ್ಥೆ 1953ರಲ್ಲಿ ರೂಪಿಸಿದ ದರ್ಜೆಯ ಪದ್ಧತಿಯೇ ಇವತ್ತು ಲೋಕದ ವಾಡಿಕೆ. ಹನ್ನೊಂದು ಮೆಟ್ಟಿಲು. ತುದಿಯಲ್ಲಿ, ಒಳಗೆ ಏನೂ ಇಲ್ಲದ ಎಫ್‌ಎಲ್, ಐಎಫ್. ಆಮೇಲೆ ವಿವಿಎಸ್ ಅನ್ನುವುದರಲ್ಲಿ ಎರಡು ಮೆಟ್ಟಿಲು, ವಿಎಸ್ ಎರಡು, ಎಸ್‌ಐ ಎರಡು, ಕೊನೆಗೆ ಐ ಮೂರು ಮೆಟ್ಟಿಲು. ಕೆಳಗಿಳಿದಷ್ಟೂ ದೋಷ ಹೆಚ್ಚು. ‘ಎಸ್‌ಐ 3’ ಅಂತ ಯಾರಾದರೂ ಹೇಳಿದರೆ ಆ ಮೆಟ್ಟಿಲು ಜಿಐಎ ಪಟ್ಟಿಯಲ್ಲಿ ಇಲ್ಲ ಅಂತ ನೆನಪಿಡಿ. ‘ಐ ಕ್ಲೀನ್’, ಅಂದರೆ ಕಣ್ಣಿಗೆ ಏನೂ ಕಾಣದು, ಅನ್ನುವುದೂ ಅಷ್ಟೆ. ಅದು ಮಾರುವವರ ಮಾತು, ಪಟ್ಟಿಯಲ್ಲಿರುವ ದರ್ಜೆಯಲ್ಲ. ಯಾರ ಕಣ್ಣಿಗೆ, ಎಷ್ಟು ದೂರದಿಂದ ಕ್ಲೀನ್? ಅದನ್ನು ನೀವೇ ನೋಡಬೇಕು.

ಎಸ್‌ಐ ಅಂದರೆ ಲೂಪಿನಲ್ಲಿ ಸುಲಭವಾಗಿ ಕಾಣುತ್ತದೆ, ಬರಿಗಣ್ಣಿಗೆ ಸಾಮಾನ್ಯವಾಗಿ ಕಾಣುವುದಿಲ್ಲ. ಈ ‘ಸಾಮಾನ್ಯವಾಗಿ’ ಅನ್ನುವ ಮಾತಿನೊಳಗೆ ವ್ಯಾಪಾರವೆಲ್ಲ ಅಡಗಿದೆ. ಹತ್ತು ಸೆಂಟು ತೂಕದ ದುಂಡು ಹರಳು ಅಡ್ಡಕ್ಕೆ ಮೂರು ಮಿಲಿಮೀಟರ್ ಇರುತ್ತದೆ. ಅದರಲ್ಲಿ ಎಸ್‌ಐ 2 ದೋಷವನ್ನು ಬರಿಗಣ್ಣಿನಲ್ಲಿ ಹುಡುಕುವುದು ಕಷ್ಟ. ಒಂದು ಕ್ಯಾರೆಟ್, ಅಂದರೆ ನೂರು ಸೆಂಟು, ಆರೂವರೆ ಮಿಲಿಮೀಟರ್. ಅಲ್ಲಿ ಅದೇ ಎಸ್‌ಐ 2 ಮುಖಕ್ಕೆ ರಾಚಲೂಬಹುದು. ದುಂಡು ಹರಳಿನ ಐವತ್ತೇಳು ಮುಖಗಳ ಥಳಥಳ ದೋಷವನ್ನು ಮರೆಸುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕೊಯ್ದ ಉದ್ದಚೌಕದ ಎಮರಾಲ್ಡ್ ಕಟ್ ಕಿಟಕಿ ಗಾಜಿನ ಹಾಗೆ, ಒಳಗಿರುವುದೆಲ್ಲ ಹೊರಗೆ. ಅದನ್ನು ಕೊಳ್ಳುವವರು ಒಂದೆರಡು ಮೆಟ್ಟಿಲು ಮೇಲೆ ಹೋಗುವುದೇ ಲೇಸು.

ಈಗ ನನ್ನ ಪೆಟ್ಟಿನ ಕತೆ. ಕೆಲಸಕ್ಕೆ ಸೇರುವ ಮೊದಲು, ತಂಗಿಯ ಮದುವೆಗೆಂದು ಒಂದು ಅಂಗಡಿಯಲ್ಲಿ ಮೂವತ್ತು ಸೆಂಟಿನ ಹರಳಿನ ಉಂಗುರ ಕೊಂಡಿದ್ದೆ. ಅಂಗಡಿಯೊಳಗೆ ಅದು ಬೆಂಕಿ ಕಾರುತ್ತಿತ್ತು. ಆಷಾಢದಲ್ಲಿ ಒಂದು ದಿನ ತಂಗಿ ತವರಿಗೆ ಬಂದಿದ್ದಳು. ಹೊರಗೆ ಸೋನೆ ಮಳೆ. ಜಗಲಿಯಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಆ ಕೈಯನ್ನು ನೋಡಿದೆ. ಹರಳಿನ ಸುತ್ತ ಉಂಗುರದಂತೆ ಬೂದು ಚುಕ್ಕಿ, ಚುಕ್ಕಿ, ಚುಕ್ಕಿ. ಎಣಿಸಿದರೆ ಎಂಟು! ಎಂಟು ದೋಷ ಇರುವ ಹರಳು ತಲೆಗೆ ಕಟ್ಟಿದರು ಅಂತ ಉರಿದುಹೋದೆ. ವರ್ಷಗಳ ಮೇಲೆ ಲೂಪ್ ಹಿಡಿಯಲು ಕಲಿತ ನಂತರ ಅದೇ ಉಂಗುರವನ್ನು ತಿರುಗಿಸಿ ತಿರುಗಿಸಿ ನೋಡಿದರೆ, ಇದ್ದದ್ದು ಒಂದೇ ಕಪ್ಪು ಕಾಳು. ಅದು ತಳದ ಮೊನೆಯ ಹತ್ತಿರ ಕೂತಿತ್ತು. ಅಲ್ಲಿನ ಮುಖಗಳು ಕನ್ನಡಿಯಂತೆ ಅದನ್ನು ಸುತ್ತಲೂ ಪ್ರತಿಫಲಿಸಿ ಎಂಟಾಗಿ ತೋರಿಸುತ್ತಿದ್ದವು.

ಹಾಗಾಗಿ ದರ್ಜೆಯ ಅಕ್ಷರ ಓದಿದ ಮೇಲೆ ಕೇಳಬೇಕಾದ ಪ್ರಶ್ನೆ, ಅದು ಎಲ್ಲಿದೆ? ಹರಳಿನ ನೆತ್ತಿಯ ಅಗಲವಾದ ಮುಖಕ್ಕೆ ಟೇಬಲ್ ಅನ್ನುತ್ತಾರೆ. ಅದರ ಕೆಳಗೆ ನಟ್ಟನಡುವೆ ಕಪ್ಪು ಕಾಳಿದ್ದರೆ ಬೇಡ. ತಳದ ಮೊನೆಯ ಹತ್ತಿರ ಇದ್ದರೆ ಖಂಡಿತ ಬೇಡ, ನನ್ನ ಎಂಟು ಚುಕ್ಕಿ ನೆನಪಿಸಿಕೊಳ್ಳಿ. ಅಂಚಿಗೆ ಸರಿದಿದ್ದರೆ, ಬಿಳಿಯದಾಗಿದ್ದರೆ, ಆರಾಮಾಗಿ ತೆಗೆದುಕೊಳ್ಳಿ. ಕೂರಿಸುವಾಗ ಹರಳನ್ನು ಹಿಡಿದುಕೊಳ್ಳುವ ಚಿನ್ನದ ಉಗುರು ಅದರ ಮೇಲೆ ಬರುವಂತೆ ಮಾಡಿದರೆ ಆಮೇಲೆ ಅದು ಅಕ್ಕಸಾಲಿಗೂ ನಿಮಗೂ ಮಾತ್ರ ಗೊತ್ತಿರುವ ಗುಟ್ಟು.

ಆದರೆ ಗರಿ, ನಮ್ಮ ಕಾಗೆಕಾಲು, ಅಂಚಿನಲ್ಲಿದ್ದರೆ ಇದೇ ಮಾತು ತಿರುಗುಮುರುಗು. ಹರಳಿನ ನಡುವಿಗೆ ಸುತ್ತಲೂ ಒಂದು ಪಟ್ಟಿ ಇರುತ್ತದೆ, ಗರ್ಡಲ್. ನಾವು ಒಡ್ಯಾಣ ಅನ್ನೋಣ. ಸೀಳು ಒಳಗೇ ಪುಟ್ಟದಾಗಿದ್ದರೆ ಭಯವಿಲ್ಲ. ಒಡ್ಯಾಣದ ಬಳಿ ಮೇಲ್ಮೈಗೆ ತೆರೆದುಕೊಂಡಿದ್ದರೆ, ಉಗುರು ಒತ್ತುವ ಜಾಗವೇ ಅದಾದರೆ, ಕೂರಿಸುವಾಗಲೇ ಚೂರು ಎದ್ದು ಬರಬಹುದು. ವಜ್ರ ಎಲ್ಲಕ್ಕಿಂತ ಗಡುಸು ನಿಜ, ಬೇರೇನೂ ಅದನ್ನು ಗೀರಲಾರದು. ಆದರೆ ಗಡುಸಾದದ್ದು ಒಡೆಯುವುದಿಲ್ಲ ಅಂತೇನಿಲ್ಲ. ಸೌದೆಗೆ ಎಳೆ ಇರುವ ಹಾಗೆ ವಜ್ರಕ್ಕೂ ನಾಲ್ಕು ದಿಕ್ಕಿನಲ್ಲಿ ಸೀಳುವ ಎಳೆ ಇದೆ. ಸರಿಯಾದ ಜಾಗಕ್ಕೆ ಪೆಟ್ಟು ಬಿದ್ದರೆ ಹೋಳಾಗುತ್ತದೆ. ದಿನವೂ ಪಾತ್ರೆ, ಬಕೆಟ್ಟು, ಬಾಗಿಲಿಗೆ ಬಡಿಯುವ ಉಂಗುರಕ್ಕೆ ತೆರೆದ ಕಾಗೆಕಾಲು ಬೇಡವೇ ಬೇಡ. ಈ ವಿಷಯದಲ್ಲಿ ನಾನು ಅಮ್ಮನ ಪಕ್ಷ, ಕಾರಣ ಬೇರೆ.

ಮತ್ತೊಂದು ದೋಷ ಇದೆ. ಅದು ಚುಕ್ಕಿಯಾಗಿ ಕಾಣುವುದಿಲ್ಲ, ಆದ್ದರಿಂದ ಜನ ಮೋಸಹೋಗುತ್ತಾರೆ. ಕ್ಲೌಡ್, ಮೋಡ. ಸಣ್ಣ ಸಣ್ಣ ಬಿಂದುಗಳ ಗುಂಪು. ತೆಳುವಾಗಿದ್ದರೆ ಲೆಕ್ಕಕ್ಕಿಲ್ಲ. ದಟ್ಟವಾದರೆ ಹರಳಿಗೆಲ್ಲ ಮಂಜು ಕವಿದ ಹಾಗೆ, ಆಗುಂಬೆಯ ಬೆಳಗಿನ ಹಾಗೆ. ಕಪ್ಪು ಚುಕ್ಕಿ ಇಲ್ಲ, ಬಿರುಕಿಲ್ಲ, ಆದರೂ ಹೊಳಪಿಲ್ಲ. ಮುಂಬೈಯಲ್ಲಿ ಅದನ್ನು ‘ಮಿಲ್ಕಿ’ ಅಂತ ಬೇರೆಯೇ ಪೊಟ್ಟಣಕ್ಕೆ ಹಾಕುತ್ತಿದ್ದೆವು. ಜಿಐಎ ಕಾಗದದ ಕೆಳಗೆ ಷರಾ ಅಂತ ಸಣ್ಣ ಅಕ್ಷರದಲ್ಲಿ ಒಂದೆರಡು ಸಾಲು ಇರುತ್ತದೆ, ಯಾರೂ ಓದದ ಜಾಗ ಅದು. ‘ಈ ದರ್ಜೆಗೆ ಕಾರಣ ಚಿತ್ರದಲ್ಲಿ ತೋರಿಸದ ಮೋಡಗಳು’ ಅನ್ನುವ ಅರ್ಥದ ಇಂಗ್ಲಿಷ್ ಸಾಲು ಅಲ್ಲಿದ್ದರೆ, ಎಸ್‌ಐ 2 ಹರಳನ್ನು ಇನ್ನೊಂದು ಶುಭ್ರ ಹರಳಿನ ಪಕ್ಕ ಇಟ್ಟು ನೋಡದೆ ಕೊಳ್ಳಬೇಡಿ. ನನ್ನನ್ನು ಕೇಳಿದರೆ ಮಂಜು ಕವಿದ ಹರಳಿಗಿಂತ ಅಂಚಿನಲ್ಲಿ ಒಂದು ಎದ್ದು ಕಾಣುವ ಬಿಳಿ ಕಾಳು ಇರುವ ಹರಳು ಸಾವಿರ ಪಾಲು ವಾಸಿ.

ನೋಡುವುದು ಹೇಗೆ? ಲೂಪನ್ನು ಕಣ್ಣಿಗೆ ತಾಗುವಷ್ಟು ಹತ್ತಿರ ಹಿಡಿಯಿರಿ, ಹರಳನ್ನು ಅದರ ಮುಂದೆ ಒಂದು ಅಂಗುಲಕ್ಕೆ ತನ್ನಿ, ಎರಡು ಮೊಣಕೈಯೂ ಮೇಜಿನ ಮೇಲಿರಲಿ. ಮೊದಲು ಒರೆಸಿಸಿ. ವಜ್ರಕ್ಕೆ ನೀರು ಅಂಟುವುದಿಲ್ಲ, ಜಿಡ್ಡು ಚೆನ್ನಾಗಿ ಅಂಟುತ್ತದೆ. ಗಣಿಗಳಲ್ಲಿ ಜಿಡ್ಡು ಸವರಿದ ಹಲಗೆಯ ಮೇಲೆ ಪುಡಿಕಲ್ಲು ಹರಿಸಿ ವಜ್ರ ಹಿಡಿಯುತ್ತಿದ್ದದ್ದು ಇದೇ ಗುಣದಿಂದ. ಹಳೆಯ ಮೂಗುಬೊಟ್ಟು ಮಂಕಾಗಿದೆ ಅಂತ ತಂದು ತೋರಿಸಿದವರಲ್ಲಿ ಅರ್ಧಕ್ಕರ್ಧ ಜನರ ದೋಷ ಕೊಬ್ಬರಿ ಎಣ್ಣೆ. ಸೋಪಿನ ನೀರು, ಮೆತ್ತನೆ ಬ್ರಷ್ಷು, ಅಷ್ಟೇ ಮದ್ದು.

ಆಮೇಲೆ ಬೆಳಕು. ಅಂಗಡಿಯ ಚಾವಣಿಯ ಚೂಪು ದೀಪಗಳು ಇರುವುದೇ ಹರಳು ಕುಣಿಯಲಿ ಅಂತ. ಕುಣಿಯುವ ಹರಳಿನ ಮೈಮೇಲಿನ ಮಚ್ಚೆ ಕಾಣುವುದಿಲ್ಲ. 17ನೇ ಶತಮಾನದಲ್ಲಿ ಗೋಲ್ಕೊಂಡ ಸೀಮೆಯ ಗಣಿಗಳಿಗೆ ಬಂದಿದ್ದ ಫ್ರೆಂಚ್ ವ್ಯಾಪಾರಿ ತವೆರ್ನಿಯೆ ಬರೆದಿಟ್ಟಿದ್ದಾನೆ: ಇಲ್ಲಿನವರು ರಾತ್ರಿ ಹೊತ್ತು ಗೋಡೆಯ ಗೂಡಿನಲ್ಲಿ ದಪ್ಪ ಬತ್ತಿಯ ದೀಪವಿಟ್ಟು, ಅದರೆದುರು ಹರಳು ಹಿಡಿದು ಪರೀಕ್ಷಿಸುತ್ತಾರೆ. ಛಾಯೆಯ ಬಗ್ಗೆ ಅನುಮಾನ ಬಂದರೆ ದಟ್ಟ ಎಲೆಯ ಮರದ ಹಸಿರು ನೆರಳಿಗೆ ಒಯ್ಯುತ್ತಾರೆ. ದೋಷವಿರುವ ಹರಳಾದರೆ ಮೈತುಂಬ ಸಣ್ಣ ಸಣ್ಣ ಮುಖ ಕೊಯ್ದು ಅದನ್ನು ಮುಚ್ಚುತ್ತಾರೆ. ಮಾರುವವನ ಜಾಣತನ ಅಂದಿಗೂ ಇಂದಿಗೂ ಒಂದೇ. ನಮಗೆ ದೀಪದ ಗೂಡು ಬೇಕಿಲ್ಲ. ಮಳೆಗಾಲದ ಮೋಡದ ಹಗಲು ಇದೆಯಲ್ಲ, ನೆರಳೇ ಬೀಳದ ಮೆದು ಬೆಳಕು, ಹರಳಿನ ಒಳಗು ನೋಡಲು ಅದಕ್ಕಿಂತ ಒಳ್ಳೆಯದು ಸಿಗದು. ಅಂಗಡಿಯ ಬಾಗಿಲವರೆಗೆ ಬನ್ನಿ, ಜೊತೆಗೆ ಅವರೂ ಬರಲಿ. ಬಿಡಿ ಹರಳನ್ನು ಬಿಳಿ ಕಾಗದದ ಮಡಿಕೆಯಲ್ಲಿಟ್ಟು ಒಂದು ಗೇಣು ದೂರದಿಂದ ನೋಡಿ. ಮೇಲಿನಿಂದ ನೋಡಿ, ಓರೆಯಿಂದ ನೋಡಿ, ಮಗುಚಿ ಬೆನ್ನಿನಿಂದಲೂ ನೋಡಿ. ಬೆನ್ನಿನಿಂದ ಮಾತ್ರ ಕಂಡರೆ ಚಿಂತೆ ಬೇಡ, ಮೂಗುಬೊಟ್ಟಿನ ಬೆನ್ನನ್ನು ಯಾರು ನೋಡುತ್ತಾರೆ?

ಬಾಗಿಲಿಗೆ ತರಲು ಒಪ್ಪದವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ.

ಓರೆ ಮಾಡಿ ನೋಡುವಾಗ ಸೀಳಿನೊಳಗೆ ನೇರಳೆಯೋ ಕಿತ್ತಳೆಯೋ ಬಣ್ಣ ಫಳ್ಳನೆ ಮಿಂಚಿ ಮಾಯವಾದರೆ ಎಚ್ಚರ. ಬಿರುಕಿಗೆ ಗಾಜಿನಂಥ ವಸ್ತು ತುಂಬಿಸಿರಬಹುದು. ಅಂಥ ಹರಳಿಗೆ ಜಿಐಎ ದರ್ಜೆಯನ್ನೇ ಕೊಡುವುದಿಲ್ಲ. ಮುಂದೊಂದು ದಿನ ಅಕ್ಕಸಾಲಿ ಬೆಸುಗೆಗೆ ಬೆಂಕಿ ಊದಿದಾಗ ತುಂಬಿದ್ದು ಹಾಳಾಗುತ್ತದೆ, ಬೈಗುಳ ಪಾಪ ಅವನಿಗೆ. ಲೇಸರಿನಿಂದ ಕೂದಲೆಳೆಯ ತೂತು ಕೊರೆದು ಕಪ್ಪು ಚುಕ್ಕಿಯನ್ನು ಬೆಳ್ಳಗೆ ಮಾಡುವುದೂ ಉಂಟು. ಅದು ಕೆಡುವ ಕೆಲಸವಲ್ಲ, ಆದರೆ ಕಾಗದದಲ್ಲಿ ಬರೆದಿರಬೇಕು, ಬೆಲೆಯಲ್ಲೂ ಕಾಣಬೇಕು. ಇನ್ನು ಹಾಲ್‌ಮಾರ್ಕ್ ಇದೆಯಲ್ಲ ಅನ್ನುವವರಿಗೆ ಒಂದೇ ಮಾತು. ಅದು ಚಿನ್ನದ ಶುದ್ಧತೆಯ ಮುದ್ರೆ, ಹರಳಿನ ಬಗ್ಗೆ ಅದಕ್ಕೆ ಬಾಯಿಲ್ಲ.

ಅಜ್ಜಿಯ ಕಾಲದ ಬೆನ್ನು ಮುಚ್ಚಿದ ಓಲೆಗಳನ್ನು ದರ್ಜೆ ಕಟ್ಟಿಸಲು ತರಬೇಡಿ. ಹಿಂದೆ ತೆಳು ತಗಡಿನ ಹಾಳೆ ಕೂರಿಸಿ ಮುಚ್ಚಿದ ಹರಳಿನ ಒಳಗು ಯಾರಿಗೂ ಪೂರ್ತಿ ಕಾಣುವುದಿಲ್ಲ. ಬಿಚ್ಚಿಸಿದರೆ ಒಡವೆಯೂ ಹೋಯಿತು, ಅಜ್ಜಿಯ ನೆನಪೂ ಹೋಯಿತು.

ಮಗಳ ಹರಳು ಇಪ್ಪತ್ತು ಸೆಂಟು, ಎಸ್‌ಐ 1. ಒಂದೇ ಬೆಲೆಯ ಮೂರು ಹರಳು ಮುಂದಿದ್ದವು. ಒಂದರಲ್ಲಿ ಟೇಬಲ್ ಕೆಳಗೆ ಕರಿಚುಕ್ಕಿ, ಇನ್ನೊಂದರಲ್ಲಿ ಒಡ್ಯಾಣಕ್ಕೆ ತೆರೆದ ಗರಿ, ಮೂರನೆಯದರಲ್ಲಿ ಅಂಚಿಗೆ ಒಂದು ಬಿಳಿ ಯವ. ಮೂರಕ್ಕೂ ಕಾಗದದ ಮೇಲೆ ಒಂದೇ ಅಕ್ಷರ. ಮೂರನೆಯದನ್ನು ತಂದೆ. ನಮ್ಮ ಮನೆಯಲ್ಲಿ ಹೊಸ ವಜ್ರವನ್ನು ಮೂರು ರಾತ್ರಿ ದೇವರ ಮುಂದಿಟ್ಟು ನೋಡುವ ಪದ್ಧತಿ. ಅಮ್ಮ ಇಟ್ಟರು. ಮೂರನೆಯ ರಾತ್ರಿ ಕರೆಂಟು ಹೋಯಿತು. ಜುಲೈ ತಿಂಗಳ ತೀರ್ಥಹಳ್ಳಿಯಲ್ಲಿ ಅದನ್ನು ಅಪಶಕುನ ಅಂತ ಎಣಿಸಿದರೆ ಯಾರ ಮನೆಗೂ ವಜ್ರ ಬರುವುದಿಲ್ಲ ಅಂತ ಅಮ್ಮನೇ ತೀರ್ಪು ಕೊಟ್ಟರು. ಬೆಳಿಗ್ಗೆ ಜಗಲಿಗೆ ಬಂದು ಲೂಪ್ ಕೇಳಿ ಇಸಿದುಕೊಂಡರು. ತುಂಬ ಹೊತ್ತು ತಿರುಗಿಸಿ, ಕೊನೆಗೆ ಆ ಬಿಳಿ ಕಾಳು ಸಿಕ್ಕಿದಾಗ, “ಇದು ಕಾಗೆಕಾಲಲ್ಲ ಬಿಡು, ಅಕ್ಕಿನುಚ್ಚು” ಅಂದರು. ಅಕ್ಕಸಾಲಿ ಅದರ ಮೇಲೆಯೇ ಉಗುರು ಕೂರಿಸಿದ್ದಾನೆ. ಈಗ ನಾನು ಹುಡುಕಿದರೂ ಕಾಣುವುದಿಲ್ಲ.

ನಮಸ್ಕಾರ.